ಮರೆವನ್ನೇ ಬಯಸಿದ ತಾರೆ ಲಾರಾ ಆಂತೊನೆಲ್ಲಿ

ಎಪ್ಪತ್ತರ ದಶಕದಲ್ಲಿ ಇಟಲಿಯ ಬೆಳ್ಳಿತೆರೆಯನ್ನು ಆಳಿದ ಲಾರಾ ಆಂತೊನೆಲ್ಲಿ, 2015ರ ಜೂನ್ 22ರಂದು ರೋಮ್ ಸಮೀಪದ ಲಾದಿಸ್ಪೊಲಿ ಎಂಬ ಕಡಲತೀರದ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 73 ವರ್ಷ. ಒಂದು ಕಾಲದಲ್ಲಿ ಗಲ್ಲಾಪೆಟ್ಟಿಗೆಯನ್ನು ತುಂಬಿಸಿದ್ದ ಈ ನಟಿಯನ್ನು ಚಿತ್ರರಂಗ ಅದಕ್ಕೂ ಬಹಳ ಹಿಂದೆಯೇ ಕೈಬಿಟ್ಟಿತ್ತು.

ಲಾರಾ ಜನಿಸಿದ್ದು 1941ರ ನವೆಂಬರ್ 28ರಂದು, ಇಸ್ಟ್ರಿಯಾ ಪ್ರಾಂತದ ಪೋಲಾದಲ್ಲಿ. ಆಗ ಇಟಲಿಗೆ ಸೇರಿದ್ದ ಆ ಪಟ್ಟಣ ಇಂದು ಕ್ರೊಯೇಷಿಯಾದಲ್ಲಿದೆ. ಎರಡನೇ ಮಹಾಯುದ್ಧದ ನಂತರ ಊರು ತೊರೆದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ನಿರಾಶ್ರಿತರ ಬದುಕು ಕಂಡ ಕುಟುಂಬ ಕೊನೆಗೆ ನೇಪಲ್ಸ್‌ನಲ್ಲಿ ನೆಲೆಸಿತು. ದೈಹಿಕ ಶಿಕ್ಷಣದಲ್ಲಿ ತರಬೇತಿ ಪಡೆದ ಲಾರಾ, ರೋಮ್‌ನಲ್ಲಿ ಶಾಲಾ ಶಿಕ್ಷಕಿಯಾದರು. ಜಾಹೀರಾತುಗಳು ಅವರನ್ನು ಚಿತ್ರರಂಗದ ಬಾಗಿಲಿಗೆ ತಂದು ನಿಲ್ಲಿಸಿದವು.

ಅವರನ್ನು ಮನೆಮಾತಾಗಿಸಿದ್ದು ಸಾಲ್ವತೋರೆ ಸಾಂಪೇರಿ ನಿರ್ದೇಶನದ, 1973ರ ವಯಸ್ಕರ ಚಿತ್ರ 'ಮಲೀತ್ಸಿಯಾ'. ಐವತ್ತರ ದಶಕದ ಸಿಸಿಲಿಯ ಕಥೆ ಇದು. ಪತ್ನಿಯನ್ನು ಕಳೆದುಕೊಂಡ ವ್ಯಾಪಾರಿಯ ಮನೆಗೆ ಆಂಜೆಲಾ ಎಂಬ ಯುವತಿ ಕೆಲಸಕ್ಕೆ ಬರುತ್ತಾಳೆ. ಯಜಮಾನ ಅವಳನ್ನು ವರಿಸಬಯಸುತ್ತಾನೆ. ಆದರೆ ಮಕ್ಕಳ ಒಪ್ಪಿಗೆ ಬೇಕು. ಹದಿಹರೆಯದ ಮಗನೊಬ್ಬ ಆ ಒಪ್ಪಿಗೆಯನ್ನೇ ಅಸ್ತ್ರವಾಗಿಸಿಕೊಂಡು ಅವಳನ್ನು ಬೆದರಿಸಿ ಕಾಡತೊಡಗುತ್ತಾನೆ. ಅಂದಿನ ಪ್ರೇಕ್ಷಕರು ಅದನ್ನು ಹಾಸ್ಯವೆಂದು ನೋಡಿ ನಕ್ಕರು. ಇಂದು ನೋಡುವವರಿಗೆ ಕಾಣುವುದು ದುಡಿದು ತಿನ್ನುವ ಹೆಣ್ಣಿನ ಅಸಹಾಯಕತೆ. ಆ ಅಸಹಾಯಕತೆಗೆ ಘನತೆ ತುಂಬಿದ್ದು ಲಾರಾ ಅವರ ಅಭಿನಯ. ಇಟಲಿಯ ಚಲನಚಿತ್ರ ಪತ್ರಕರ್ತರು ನೀಡುವ ಬೆಳ್ಳಿ ರಿಬ್ಬನ್ ಪ್ರಶಸ್ತಿ ಆ ಪಾತ್ರಕ್ಕಾಗಿ ಅವರಿಗೆ ಸಂದಿತು.

ಆದರೂ ನಿರ್ಮಾಪಕರಿಗೆ ಬೇಕಾಗಿದ್ದುದು ಹೆಚ್ಚಾಗಿ ಅವರ ರೂಪವೇ. ಅದರಾಚೆಗಿನ ಕಲಾವಿದೆಯನ್ನು ಗುರುತಿಸಿದವರು ಲುಕಿನೋ ವಿಸ್ಕೊಂತಿ. ಗಾಲಿಕುರ್ಚಿಯಲ್ಲಿ ಕುಳಿತೇ ನಿರ್ದೇಶಿಸಿದ ತಮ್ಮ ಕೊನೆಯ ಚಿತ್ರ 'ಲಿನ್ನೊಚೆಂತೆ'ಯಲ್ಲಿ (1976) ಅವರು ಲಾರಾಗೆ ನೊಂದ ಪತ್ನಿಯ ಪಾತ್ರ ನೀಡಿದರು. 1981ರಲ್ಲಿ ಎತ್ತೊರೆ ಸ್ಕೋಲಾ ಅವರ 'ಪಾಸ್ಸಿಯೋನೆ ದಾಮೋರೆ'ಯಲ್ಲೂ ಅವರು ನಟಿಸಿದರು. ಫ್ರೆಂಚ್ ನಟ ಜ್ಯಾನ್‌ಪಾಲ್ ಬೆಲ್ಮೊಂಡೊ ಜತೆಗಿನ ಅವರ ಒಡನಾಟ ಆ ದಶಕದ ಪತ್ರಿಕೆಗಳಿಗೆ ನಿತ್ಯದ ಸುದ್ದಿಯಾಗಿತ್ತು.

ಬದುಕು ಬುಡಮೇಲಾದದ್ದು 1991ರಲ್ಲಿ. ಏಪ್ರಿಲ್‌ನಲ್ಲಿ ಚೆರ್ವೆತೆರಿಯ ಅವರ ಮನೆಯಲ್ಲಿ ಕೊಕೇನ್ ಪತ್ತೆಯಾಗಿ, ಪೊಲೀಸರು ಅವರನ್ನು ಬಂಧಿಸಿದರು. ಮಾರಾಟದ ಆರೋಪದ ಮೇಲೆ ಮೂರೂವರೆ ವರ್ಷಗಳ ಶಿಕ್ಷೆಯೂ ಪ್ರಕಟವಾಯಿತು. ಅದೇ ವರ್ಷ ತೆರೆಕಂಡ 'ಮಲೀತ್ಸಿಯಾ 2000' ಚಿತ್ರಕ್ಕಾಗಿ, ಐವತ್ತರ ಅಂಚಿನಲ್ಲಿದ್ದ ಅವರ ಮುಖಕ್ಕೆ ಯೌವನ ಮರಳಿಸಲು ಚುಚ್ಚುಮದ್ದು ನೀಡಲಾಗಿತ್ತು. ಅದರ ಅಡ್ಡಪರಿಣಾಮದಿಂದ ಮುಖ ವಿಕಾರಗೊಂಡಿತು. ಯಾವ ಮುಖವನ್ನು ನೆಚ್ಚಿ ಚಿತ್ರರಂಗ ಹಣ ಹೂಡಿತ್ತೋ, ಅದನ್ನೇ ಅದು ಕೆಡಿಸಿತು. ಲಾರಾ ಮತ್ತೆಂದೂ ಚಿತ್ರಗಳಲ್ಲಿ ನಟಿಸಲಿಲ್ಲ.

ಮಾರಾಟದ ಆರೋಪದಿಂದ ಅವರು ಖುಲಾಸೆಯಾದದ್ದು ಒಂಬತ್ತು ವರ್ಷಗಳ ನಂತರ, 2000ದಲ್ಲಿ. ಅಷ್ಟರಲ್ಲಿ ಆರೋಗ್ಯವೂ ಮನಸ್ಸೂ ಕುಸಿದಿದ್ದವು. ವಿಚಾರಣೆಯ ವಿಳಂಬದಿಂದಾದ ಹಾನಿಗೆ 2006ರಲ್ಲಿ ನ್ಯಾಯಾಲಯ 1,08,000 ಯೂರೋ ಪರಿಹಾರ ನೀಡುವಂತೆ ಸರ್ಕಾರಕ್ಕೆ ಆದೇಶಿಸಿತು. ಕಳೆದುಹೋದ ವರ್ಷಗಳನ್ನು ತುಂಬಿಕೊಡುವ ಶಕ್ತಿ ಆ ಮೊತ್ತಕ್ಕಿರಲಿಲ್ಲ.

ಸಂಕಷ್ಟದಲ್ಲಿರುವ ಗಣ್ಯರಿಗೆ ಸರ್ಕಾರಿ ನೆರವು ನೀಡುವ ಕಾನೂನು ಇಟಲಿಯಲ್ಲಿದೆ. ಲಾರಾ ಅವರಿಗೂ ಅದು ಸಿಗಲೆಂದು ನಟ ಲಿನೋ ಬಾನ್ಫಿ 2010ರಲ್ಲಿ ಸಾರ್ವಜನಿಕವಾಗಿ ಮನವಿ ಮಾಡಿದರು. ಲಾರಾ ಕೃತಜ್ಞತೆ ಸಲ್ಲಿಸಿದರು. ಆದರೆ ಲೌಕಿಕದಲ್ಲಿ ತಮಗೆ ಆಸಕ್ತಿ ಉಳಿದಿಲ್ಲವೆಂದೂ, ತಮ್ಮನ್ನು ಮರೆತುಬಿಡಬೇಕೆಂದೂ ವಿನಂತಿಸಿಕೊಂಡರು. ಅವರು ಆಗಲೇ ಪ್ರಾರ್ಥನೆ ಹಾಗೂ ಮೌನದತ್ತ ತಿರುಗಿದ್ದರು.

ಇಡೀ ದೇಶ ನೋಡಲು ಹಾತೊರೆದಿದ್ದ ಹೆಣ್ಣುಮಗಳು ಕೊನೆಗೆ ಕೇಳಿಕೊಂಡದ್ದು, ಯಾರೂ ತನ್ನನ್ನು ನೋಡದಿರಲಿ ಎಂದಷ್ಟೇ.