ಟೈರಿನ ಮೇಲಿರೋ ಮಿಕ್ಕಿ ಥಾಂಪ್ಸನ್ ಯಾರು?

ಅಮೆರಿಕದ ಹಳೇ ಮಸಲ್ ಕಾರುಗಳ ಡ್ರ್ಯಾಗ್ ರೇಸ್ ವಿಡಿಯೋ ನೋಡದವರು ನಮ್ಮ ಮೆಕ್ಯಾನಿಕಲ್ ಬ್ಲಾಕಿನಲ್ಲಿ ಕಡಿಮೆ. ವೀಕೆಂಡ್ ಬಂತು ಅಂದ್ರೆ ಅಲ್ಲಿ ಪ್ಲಂಬರ್, ಮೇಷ್ಟ್ರು, ರಿಟೈರ್ ಆದ ಅಜ್ಜಂದಿರು ಎಲ್ಲ ತಮ್ಮ ಅರವತ್ತರ ದಶಕದ ಪಾಂಟಿಯಾಕ್ ಜಿಟಿಒ, ಷೆವ್ರೊಲೆ ಕಮಾರೊ, ಡಾಡ್ಜ್ ಚಾರ್ಜರ್ ತಗೊಂಡು ಟ್ರ್ಯಾಕಿಗೆ ಬರ್ತಾರೆ. ಫೀಸು ಕಟ್ಟಿ, ಹೆಲ್ಮೆಟ್ ತೋರಿಸಿ, ಗಾಡಿ ತಪಾಸಣೆ ಮುಗಿಸಿ ಸಾಲಲ್ಲಿ ನಿಲ್ತಾರೆ. ಹಿಂದಿನ ಚಕ್ರ ನೀರಲ್ಲಿ ನೆನೆಸಿ, ನಿಂತಲ್ಲೇ ಗಿರ್ರನೆ ತಿರುಗಿಸಿ, ರಬ್ಬರ್ ಬಿಸಿ ಮಾಡಿಕೊಳ್ತಾರೆ. ಹಳದಿ ದೀಪ, ಹಸಿರು ದೀಪ, ಆಮೇಲೆ ಕಾಲು ಮೈಲಿ, ಅಂದ್ರೆ 402 ಮೀಟರ್. ಗಾಡಿ ಚೆನ್ನಾಗಿದ್ದರೆ ಹನ್ನೆರಡು, ಹದಿಮೂರು ಸೆಕೆಂಡಿಗೆ ಎಲ್ಲ ಮುಗೀತು. ತನ್ನ ಗಾಡಿಗೆ ಎಷ್ಟು ಸೆಕೆಂಡ್ ಬೇಕು ಅಂತ ಮೊದಲೇ ಗಾಜಿನ ಮೇಲೆ ಬರೆದುಕೊಂಡು ಓಡಿಸೋ ಪದ್ಧತಿಯೂ ಉಂಟು. ಆಗ ನಿಧಾನದ ಗಾಡಿಗೆ ಅಷ್ಟು ಮುಂಚೆಯೇ ಹಸಿರು ದೀಪ ಸಿಗತ್ತೆ. ದುಡ್ಡು ಕಡಿಮೆ ಇರೋನೂ ಗೆಲ್ಲಬಹುದು.

ಆ ಹೊಗೆಯ ನಡುವೆ ಹಿಂದಿನ ಟೈರಿನ ಪಕ್ಕೆ ನೋಡಿ. ಎಷ್ಟೋ ಗಾಡಿಗಳಲ್ಲಿ ಮಿಕ್ಕಿ ಥಾಂಪ್ಸನ್ ಅಂತ ಬರೆದಿರತ್ತೆ. ಅದು ಬರೀ ಕಂಪನಿ ಹೆಸರು ಅಂತಲೇ ನಾವು ಬಹಳ ದಿನ ಅಂದ್ಕೊಂಡಿದ್ವಿ.

ಈತ ಹುಟ್ಟಿದ್ದು 1928ರ ಡಿಸೆಂಬರ್ 7ರಂದು, ಲಾಸ್ ಏಂಜಲಿಸ್ ಪಕ್ಕದ ಅಲ್ಹಾಂಬ್ರಾದಲ್ಲಿ. ಪೂರ್ತಿ ಹೆಸರು ಮರಿಯನ್ ಲೀ ಥಾಂಪ್ಸನ್. ಹೊಟ್ಟೆಪಾಡಿಗೆ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಯ ಮುದ್ರಣ ಯಂತ್ರದ ಮುಂದೆ ಕೆಲಸ, ಉಳಿದ ಹೊತ್ತೆಲ್ಲ ಗಾಡಿ. ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಆದರೆ ನಾವು ಮೊದಲ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿ ಮರೆಯೋ ಒಂದು ಸೂತ್ರ ಈತನಿಗೆ ಕೈಯಲ್ಲೇ ಗೊತ್ತಿತ್ತು.

ಐವತ್ತರ ದಶಕದ ಹೊತ್ತಿಗೆ ಎಂಜಿನ್‌ಗಳ ಬಲ ಏರಿತ್ತು, ಟೈರ್ ಅದಕ್ಕೆ ತಕ್ಕ ಹಾಗೆ ಬೆಳೆದಿರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಚಕ್ರ ಸುತ್ತತ್ತೆ, ಗಾಡಿ ಮುಂದೆ ಹೋಗಲ್ಲ. ಘರ್ಷಣೆ ಅಂದ್ರೆ ಘರ್ಷಣಾಂಕ ಗುಣಿಸು ನೆಲ ಮೇಲಕ್ಕೆ ಒತ್ತೋ ಬಲ. ರಬ್ಬರ್ ಬದಲಿಸೋಕೆ ಆಗದಿದ್ದರೆ ಹಿಂದಿನ ಚಕ್ರದ ಮೇಲೆ ಭಾರ ಹಾಕಬೇಕು. 1954ರಲ್ಲಿ ಮಿಕ್ಕಿ ಏನು ಮಾಡಿದ ಅಂದ್ರೆ, ಡ್ರೈವರ್ ಸೀಟನ್ನೇ ಎತ್ತಿ ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಇಟ್ಟ. ಕಾಲುಗಳು ಡಿಫರೆನ್ಷಿಯಲ್ಲಿನ ಆಚೆ ಈಚೆ. ಕವಣೆಯಲ್ಲಿ ಕೂರಿಸಿದ ಕಲ್ಲಿನ ಹಾಗೆ ಮನುಷ್ಯ ಕೂತಿರ್ತಾನೆ. ಅದಕ್ಕೇ ಆ ಬಗೆಯ ಗಾಡಿಗೆ ಸ್ಲಿಂಗ್‌ಶಾಟ್ ಅನ್ನೋ ಹೆಸರು ನಿಂತಿತು. 1955ರಲ್ಲಿ ಕಾನ್ಸಸ್‌ನ ಗ್ರೇಟ್ ಬೆಂಡ್ ವಿಮಾನ ನಿಲ್ದಾಣದಲ್ಲಿ ನಡೆದ ಮೊದಲ ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆಯಲ್ಲಿ ಅದು ಗಂಟೆಗೆ 151 ಮೈಲಿ, ಸುಮಾರು 243 ಕಿಲೋಮೀಟರ್ ಮುಟ್ಟಿತು. ಮುಂದಿನ ಒಂದೂವರೆ ದಶಕ ಡ್ರ್ಯಾಗ್‌ಸ್ಟರ್ ಅಂದ್ರೆ ಇದೇ ಆಕಾರ.

ಅದೇ ವರ್ಷ ಲಾಂಗ್ ಬೀಚ್ ಬಂದರಿನ ಪಕ್ಕ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಶುರುವಾಯ್ತು. ಹುಡುಗರು ರಾತ್ರಿ ಬೀದೀಲಿ ರೇಸ್ ಮಾಡಿ ಸಾಯೋದನ್ನ ತಪ್ಪಿಸೋಕೆ ಅಲ್ಲಿನ ಲಯನ್ಸ್ ಕ್ಲಬ್‌ಗಳು ಸೇರಿ ಮಾಡಿದ ಜಾಗ ಅದು. ಮೊದಲ ಮ್ಯಾನೇಜರ್ ನಮ್ಮ ಮಿಕ್ಕಿ. ಸಮುದ್ರಮಟ್ಟದ ತಂಪು ಗಾಳಿ ದಟ್ಟ. ಸಿಲಿಂಡರಿಗೆ ಆಕ್ಸಿಜನ್ ಜಾಸ್ತಿ ಸಿಗತ್ತೆ, ಹಾಗಾಗಿ ಅಲ್ಲಿ ಗಾಡಿಗಳು ಬೇರೆ ಕಡೆಗಿಂತ ಚುರುಕಾಗಿ ಓಡ್ತಿದ್ವು. ಶಬ್ದ ತಾಳಲಾರದ ಅಕ್ಕಪಕ್ಕದವರ ದೂರಿನಿಂದ 1972ರ ಡಿಸೆಂಬರಿನಲ್ಲಿ ಅದು ಮುಚ್ಚಿತು. ಬೀದಿ ರೇಸ್ ಬಿಡಿಸಿದ ಜಾಗಕ್ಕೂ ಈ ಗತಿ ಅಂತ ನಮಗೆ ಈಗಲೂ ಬೇಜಾರು.

1960ರಲ್ಲಿ ಮಿಕ್ಕಿ ನಾಲ್ಕು ಪಾಂಟಿಯಾಕ್ ವಿ8 ಎಂಜಿನ್ ಒಂದೇ ಗಾಡಿಗೆ ಜೋಡಿಸಿ, ಚಾಲೆಂಜರ್ ಅಂತ ಹೆಸರಿಟ್ಟು, ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿಗೆ ಒಯ್ದ. ಪಾಂಟಿಯಾಕ್‌ನ ಮುಖ್ಯಸ್ಥ ಬಂಕಿ ನುಡ್ಸೆನ್ ಎಂಜಿನ್ ಕೊಡಿಸಿದ್ದ. ಅದೇ ಪಾಂಟಿಯಾಕ್ 1964ರಲ್ಲಿ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ವಿ8 ತುಂಬಿ ಜಿಟಿಒ ಮಾಡಿ, ಮಸಲ್ ಕಾರ್ ಹುಚ್ಚು ಹಬ್ಬಿಸಿತು. ಇರಲಿ. ಸೆಪ್ಟೆಂಬರ್ 9ರಂದು ಚಾಲೆಂಜರ್ ಗಂಟೆಗೆ 406.60 ಮೈಲಿ ಓಡಿತು. ಜಾನ್ ಕಾಬ್‌ನ 1947ರ ದಾಖಲೆ 394. ಆದರೆ ನಿಯಮದ ಪ್ರಕಾರ ಒಂದು ಗಂಟೆಯೊಳಗೆ ತಿರುಗಿ ಓಡಿ ಎರಡರ ಸರಾಸರಿ ತೆಗೀಬೇಕು. ವಾಪಸ್ ಬರುವಾಗ ಶಕ್ತಿ ಚಕ್ರಕ್ಕೆ ಒಯ್ಯೋ ಶಾಫ್ಟ್ ಕೈಕೊಟ್ಟಿತು. ದಾಖಲೆ ಪುಸ್ತಕದಲ್ಲಿ ಕಾಬ್‌ನ ಹೆಸರೇ ಉಳೀತು.

ಇಲ್ಲಿಯವರೆಗೆ ಬರೆಯೋದು ಸುಲಭ. 1964 ಕಷ್ಟ.

ಇಂಡಿಯಾನಾಪೊಲಿಸ್ 500ಕ್ಕೆ ಮಿಕ್ಕಿ 1962ರಲ್ಲೇ ಎಂಜಿನ್ ಹಿಂದಿಟ್ಟ ಗಾಡಿ ತಂದಿದ್ದ, ಆಗ ಅದು ಹೊಸದು. 1963ರಲ್ಲಿ 12 ಇಂಚಿನ ಪುಟ್ಟ ಚಕ್ರದ, ನೆಲಕ್ಕಂಟಿದ ಗಾಡಿ. ಮರುವರ್ಷ ನಿಯಮ ಬದಲಾಗಿ ದೊಡ್ಡ ಚಕ್ರ ಹಾಕಬೇಕಾಯ್ತು. ಸಣ್ಣ ಚಕ್ರಕ್ಕೆ ಅಂತ ಮಾಡಿದ ವಿನ್ಯಾಸವನ್ನೇ ತಿದ್ದಿ ಓಡಿಸಿದರು. ಅಭ್ಯಾಸದ ಹೊತ್ತಿಗೇ ಒಬ್ಬ ಡ್ರೈವರ್ ತಂಡ ಬಿಟ್ಟು ಹೋದ. ಮೇ 30ರಂದು, ಎರಡನೇ ಸುತ್ತಿನಲ್ಲಿ, 27 ವರ್ಷದ ಡೇವ್ ಮೆಕ್‌ಡೊನಾಲ್ಡ್ ಓಡಿಸ್ತಿದ್ದ ಥಾಂಪ್ಸನ್ ಗಾಡಿ ತಿರುಗಿ ಒಳಗೋಡೆಗೆ ಬಡಿದು, ಬೆಂಕಿ ಹತ್ತಿ, ಟ್ರ್ಯಾಕಿಗೇ ವಾಪಸ್ ಬಂತು. ಹಿಂದಿದ್ದ ಎಡ್ಡಿ ಸ್ಯಾಕ್ಸ್ ಅದಕ್ಕೆ ಗುದ್ದಿದ. ಇಬ್ಬರೂ ಸತ್ತರು. ಟ್ಯಾಂಕಿನಲ್ಲಿದ್ದದ್ದು ಪೆಟ್ರೋಲ್. ಮರುವರ್ಷದಿಂದ ಅಲ್ಲಿ ಮೆಥನಾಲ್ ಬಂತು. ಈತ ಧೈರ್ಯವಂತ ಅಂತ ಬರೆಯುವಾಗೆಲ್ಲ ಈ ಎರಡು ಹೆಸರನ್ನೂ ಬರೀಬೇಕು ಅನ್ನೋದು ನಮ್ಮ ಅಭಿಪ್ರಾಯ. ತನ್ನ ಪ್ರಾಣ ಪಣಕ್ಕಿಡೋದು ಬೇರೆ, ಇನ್ನೊಬ್ಬನನ್ನ ಸೀಟಲ್ಲಿ ಕೂರಿಸೋದು ಬೇರೆ. ಆಮೇಲೂ ಮಿಕ್ಕಿ ಇಂಡಿಗೆ ಹೋದ, ಗೆಲ್ಲಲಿಲ್ಲ.

ಟೈರ್ ಕಂಪನಿ ಶುರುವಾಗಿದ್ದು 1963ರಲ್ಲಿ. 1973ರಲ್ಲಿ ಮರುಭೂಮಿ ರೇಸ್‌ಗಳಿಗೆ ಸ್ಕೋರ್ ಅನ್ನೋ ಸಂಸ್ಥೆ ಕಟ್ಟಿದ. ಮೆಕ್ಸಿಕೋದ ಬಾಹಾ 1000 ನಡೆಸೋದು ಅದೇ. ನಮ್ಮ ಸೀನಿಯರ್‌ಗಳು ರೋಲ್ ಕೇಜ್ ವೆಲ್ಡ್ ಮಾಡಿಕೊಂಡು ಹೋಗೋ ಬಾಹಾ ಸ್ಪರ್ಧೆಗೆ ಹೆಸರು ಬಂದಿರೋದು ಆ ಮರಳಿನ ಓಟದಿಂದಲೇ.

1988ರ ಮಾರ್ಚ್ 16ರ ಬೆಳಗಿನ ಜಾವ, ಕೆಲಸಕ್ಕೆ ಹೊರಟಿದ್ದ ಮಿಕ್ಕಿಯನ್ನೂ ಹೆಂಡತಿ ಟ್ರೂಡಿಯನ್ನೂ ಬ್ರ್ಯಾಡ್‌ಬರಿಯ ಮನೆ ಮುಂದೆಯೇ ಇಬ್ಬರು ಗುಂಡಿಕ್ಕಿ ಕೊಂದು ಸೈಕಲ್ ಮೇಲೆ ಪರಾರಿಯಾದರು. ವ್ಯವಹಾರದಲ್ಲಿ ಹಿಂದೆ ಜೊತೆಗಿದ್ದವನೊಬ್ಬ ಕೊಲೆ ಮಾಡಿಸಿದ ಅಂತ 2007ರಲ್ಲಿ ತೀರ್ಪಾಯ್ತು. ಗುಂಡು ಹಾರಿಸಿದವರು ಸಿಗಲೇ ಇಲ್ಲ.

ಗ್ಯಾರೇಜಿನಲ್ಲಿ ಇನ್ನೊಂದು ಗಾಡಿ ಉಳಿದಿತ್ತು. 1968ರಲ್ಲಿ ಕಟ್ಟಿದ ಚಾಲೆಂಜರ್ 2. ಆಗ ಉಪ್ಪಿನ ಬಯಲಲ್ಲಿ ಮಳೆ ಬಂದು ಓಟ ನಿಂತಿತ್ತು, ಫೋರ್ಡ್ ಕಂಪನಿ ಬೆಂಬಲ ವಾಪಸ್ ತಗೊಂಡಿತ್ತು. ಮಗ ಡ್ಯಾನಿ ಅದನ್ನ ಹೊರತೆಗೆದು, ಹೊಸ ಎಂಜಿನ್ ಎರಡು ಕೂರಿಸಿ, 2018ರ ಆಗಸ್ಟಿನಲ್ಲಿ ಬಾನ್‌ವಿಲ್‌ಗೆ ತಂದ. ಒಂದು ಸಲ ಓಡಿಸಿದ. ವಾಪಸ್ಸೂ ಓಡಿಸಿದ. ಎರಡರ ಸರಾಸರಿ ಗಂಟೆಗೆ 448.757 ಮೈಲಿ, ಸುಮಾರು 722 ಕಿಲೋಮೀಟರ್.