ಡಾರ್ವಿನ್ನನ ಇಳಿವಯಸ್ಸು ಮತ್ತು ಹುಲ್ಲಿನ ಮೊಳಕೆ

ಚಾರ್ಲ್ಸ್ ಡಾರ್ವಿನ್ (1809–1882) ಎಂದೊಡನೆ ಬೀಗಲ್ ಹಡಗಿನ ಯಾನವೂ 1859ರ ಜೀವಿಸಂಕುಲಗಳ ಉಗಮವನ್ನು ಕುರಿತ ಗ್ರಂಥವೂ ನೆನಪಿಗೆ ಬರುತ್ತವೆ. ಆ ಕಥೆಯನ್ನು ಎಲ್ಲರೂ ಬಲ್ಲರು. ಅದೇ ಮನುಷ್ಯ ಮುಪ್ಪಿನಲ್ಲಿ ಹುಲ್ಲಿನ ಮೊಳಕೆಗಳ ಮುಂದೆ ಕುಳಿತದ್ದನ್ನು ಬಲ್ಲವರು ವಿರಳ.

1842ರಿಂದ ಅವನ ವಾಸ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ. ದೀರ್ಘಕಾಲದ ಅನಾರೋಗ್ಯ ಅವನನ್ನು ಬಹುಮಟ್ಟಿಗೆ ಮನೆಗೆ ಕಟ್ಟಿಹಾಕಿತ್ತು. ವೈದ್ಯಶಾಸ್ತ್ರವನ್ನು ಓದಿಯೂ ಆ ವೃತ್ತಿಯನ್ನು ಹಿಡಿಯದ ಮಗ ಫ್ರಾನ್ಸಿಸ್ ತಂದೆಯ ಸಹಾಯಕ್ಕೆ ನಿಂತ.

ಕಿಟಕಿಯ ಬಳಿಯ ಮೊಳಕೆ ಬೆಳಕಿನತ್ತ ಬಾಗುವುದು ಯಾವ ರೈತನಿಗೂ ಹೊಸದಲ್ಲ. ಡಾರ್ವಿನ್ನನ ಪ್ರಶ್ನೆ ಬೇರೆ: ಬೆಳಕನ್ನು ಅರಿಯುವುದು ಮೊಳಕೆಯ ಯಾವ ಭಾಗ? ಕ್ಯಾನರಿ ಹುಲ್ಲಿನ ಮೊಳಕೆಯ ತುದಿಗೆ ತವರದ ತೆಳುಹಾಳೆಯ ಕುಲಾವಿ ತೊಡಿಸಿದ. ಮೊಳಕೆ ನೆಟ್ಟಗೇ ಬೆಳೆಯಿತು. ಕುಲಾವಿಯ ಭಾರವೇ ಅದನ್ನು ತಡೆದಿರಬಾರದೇಕೆ? ಪಾರದರ್ಶಕ ಗಾಜಿನ ನಳಿಕೆ ತೊಡಿಸಿ ನೋಡಿದ, ಬಾಗಿತು. ತುದಿಯನ್ನು ಮಾತ್ರ ಬೆಳಕಿಗೆ ಬಿಟ್ಟು ಉಳಿದುದನ್ನು ಸಣ್ಣ ಕಪ್ಪು ಮರಳಿನಲ್ಲಿ ಹೂತರೂ, ಬೆಳಕು ಕಾಣದ ಆ ಭಾಗವೇ ಬಾಗಿತು. ಅರಿಯುವ ತಾಣವೊಂದು, ಬಾಗುವ ತಾಣ ಇನ್ನೊಂದು. ನಡುವೆ ಯಾವುದೋ ಪ್ರಭಾವ ಕೆಳಗಿಳಿಯಲೇಬೇಕು. ಸಸ್ಯಗಳ ಚಲನಶಕ್ತಿಯನ್ನು ಕುರಿತ 1880ರ ಗ್ರಂಥದಲ್ಲಿ ತಂದೆ ಮಕ್ಕಳು ಇದನ್ನು ಮುಂದಿಟ್ಟರು. ತವರದ ಚೂರು, ಗಾಜು, ಮರಳು: ಸಲಕರಣೆಗಳು ಇಷ್ಟೇ.

ಜರ್ಮನಿಯ ಯೂಲಿಯಸ್ ಫಾನ್ ಸಾಕ್ಸನಿಗೆ ಇದು ಹಿಡಿಸಲಿಲ್ಲ. ಸಸ್ಯಶರೀರಕ್ರಿಯಾವಿಜ್ಞಾನದಲ್ಲಿ ಅಂದು ಅವನ ಮಾತೇ ಪ್ರಮಾಣ. ಫ್ರಾನ್ಸಿಸ್ ಸ್ವತಃ ವ್ಯೂರ್ಟ್ಸ್‌ಬರ್ಗಿನಲ್ಲಿ ಅವನ ಪ್ರಯೋಗಾಲಯದಲ್ಲಿ ದುಡಿದವನು. ಡಾರ್ವಿನ್ನನ ಪ್ರಯೋಗಗಳನ್ನು ಸಾಕ್ಸ್ ಅನನುಭವಿಯ ಕೆಲಸವೆಂದು ತಳ್ಳಿಹಾಕಿದ. ತುದಿಯ ಮಹತ್ತ್ವವನ್ನು ಕುರಿತು ಎಡವಿದವನು ಸಾಕ್ಸನೇ. ಆದರೆ ಅವನಿಗೆ ಸಲ್ಲಬೇಕಾದ ಕೀರ್ತಿಯೂ ಇದೆ: ಮೊಳಕೆಯನ್ನು ಬಾಗಿಸುವುದು ಬೆಳಕಿನ ನೀಲಿ ಭಾಗ, ಕೆಂಪು ಭಾಗವಲ್ಲ ಎಂಬುದನ್ನು 1864ರಲ್ಲೇ ತೋರಿಸಿದವನು ಅವನು. ಆ ನೀಲಿಯನ್ನು ಹೀರುವ ಪ್ರೋಟೀನಿನ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 1997ರಲ್ಲಿ. ಫೋಟೋಟ್ರೋಪಿನ್ ಎಂಬ ಹೆಸರು ಅದಕ್ಕೆ ಬಳಿಕ ಬಂತು.

1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡ. ಕೆಳಗಿಳಿಯುವ ಪ್ರಭಾವ ಏನೆಂಬುದು ಅವನಿಗೆ ತಿಳಿಯಲಿಲ್ಲ. ಫ್ರಾನ್ಸಿಸ್ ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕನಾಗಿ, 1925ರಲ್ಲಿ ಮೃತನಾದ. ಮರುವರ್ಷವೇ ಹಾಲೆಂಡಿನ ತರುಣ ಫ್ರಿಟ್ಸ್ ವೆಂಟ್, ಕತ್ತರಿಸಿದ ಓಟ್ಸ್ ಮೊಳಕೆಗಳ ತುದಿಗಳನ್ನು ಜಿಲೆಟಿನ್‌ನಂಥ ಅಂಟುಪದಾರ್ಥದ ಮೇಲಿಟ್ಟು, ಅವುಗಳಿಂದ ಒಸರಿದ ದ್ರವ್ಯವನ್ನು ಅದರಲ್ಲಿ ಹಿಡಿದ. ಆ ಚೂರನ್ನು ತುದಿಯಿಲ್ಲದ ಮೊಳಕೆಯ ಒಂದು ಬದಿಗೆ ಇಟ್ಟಾಗ, ಕತ್ತಲಲ್ಲೂ ಅದು ಬಾಗಿತು. ಆ ದ್ರವ್ಯಕ್ಕೆ ಆಕ್ಸಿನ್ ಎಂದು ಹೆಸರಾಯಿತು.