ಏಳು ವರ್ಷ, ನಾಲ್ವರು ಸದಸ್ಯರು ಮತ್ತು ಒಂದು ಅರ್ಜಿ

ನಾನು ಸರ್ಕಾರಿ ಸೇವೆಯಲ್ಲಿದ್ದಾಗ ಖಾನಾಪುರದ ಕಡೆಯ ಹಳ್ಳಿಯೊಂದರಿಂದ ಬಂದ ಅರ್ಜಿಯೊಂದು ಕೆಲವು ವಾರ ನನ್ನ ಮೇಜಿನ ಮೇಲೆ ಉಳಿದಿತ್ತು. ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ಭಾನುವಾರ ಪ್ರಾರ್ಥನೆಗೆ ಕೂಡುತ್ತಿದ್ದ ಬೆರಳೆಣಿಕೆಯ ಕುಟುಂಬಗಳು ತಮ್ಮವರನ್ನು ಹೂಳಲು ಕೆಲವು ಗುಂಟೆ ಜಾಗ ಕೇಳಿದ್ದವು. ಅರ್ಥಶಾಸ್ತ್ರ ಓದಿದವನಿಗೆ ಎಲ್ಲದರಲ್ಲಿಯೂ ಮೊದಲು ಕಾಣುವುದು ಸಂಖ್ಯೆ. ಅರ್ಜಿದಾರರ ಸಂಖ್ಯೆ ಅತ್ಯಲ್ಪವಾಗಿರುವುದರಿಂದ ಪ್ರತ್ಯೇಕ ಜಾಗದ ಅಗತ್ಯ ಸದ್ಯಕ್ಕೆ ಕಾಣುವುದಿಲ್ಲ ಎಂಬ ಅರ್ಥದ ಟಿಪ್ಪಣಿ ಬರೆದು ಕಡತವನ್ನು ಮೇಲಕ್ಕೆ ಕಳುಹಿಸಿದೆ. ನಿಯಮದ ದೃಷ್ಟಿಯಿಂದ ಟಿಪ್ಪಣಿಯಲ್ಲಿ ದೋಷವಿರಲಿಲ್ಲ. ಆದರೂ ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಬೆಳಗಾವಿಯವರಿಗೆ ಪ್ರೊಟೆಸ್ಟೆಂಟ್ ಕ್ರೈಸ್ತರೆಂದರೆ ನೆನಪಾಗುವುದು ದಂಡುಪ್ರದೇಶ ಮತ್ತು ಮಿಷನ್ ಶಾಲೆ. 1818ರ ಏಪ್ರಿಲ್‌ನಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ವಶವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1820ರಲ್ಲಿ, ಬಳ್ಳಾರಿಯಿಂದ ಬಂದ ಜೋಸೆಫ್ ಟೇಲರ್ ಇಲ್ಲಿ ಲಂಡನ್ ಮಿಷನ್ನಿನ ಕೆಲಸ ಆರಂಭಿಸಿದರು. 1832ರಲ್ಲಿ ಇಂಗ್ಲಿಷ್ ಶಾಲೆ ಹುಟ್ಟಿತು; ಬೆನನ್ ಸ್ಮಿತ್ ಎಂಬ ಹೆಸರಿನಿಂದ ಊರಿಗೆಲ್ಲ ಪರಿಚಿತವಾದ ಶಾಲೆ ಅದು. 1904ರಲ್ಲಿ ಈ ಸಂಸ್ಥೆಗಳೆಲ್ಲ ಮೆಥೊಡಿಸ್ಟರ ಕೈಗೆ ಬಂದವು. ಆದರೆ ನನ್ನ ಅರ್ಜಿದಾರರು ಈ ಪರಂಪರೆಯವರಾಗಿರಲಿಲ್ಲ. ತಾವು ಬ್ಯಾಪ್ಟಿಸ್ಟರು ಎಂದು ಅವರು ಬರೆದುಕೊಂಡಿದ್ದರು. ಹಾಗೆಂದರೇನೆಂದು ನನಗೆ ಆಗ ತಿಳಿದಿರಲಿಲ್ಲ. ತಿಳಿಯುವ ಪ್ರಯತ್ನವನ್ನೂ ಮಾಡಲಿಲ್ಲ. ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದನ್ನು ಅವರು ಒಪ್ಪುವುದಿಲ್ಲ. ಬುದ್ಧಿ ಬಲಿತು, ಸ್ವಂತ ನಂಬಿಕೆಯನ್ನು ಹೇಳಿಕೊಂಡವರನ್ನು ಮಾತ್ರ ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುತ್ತಾರೆ. ಪ್ರತಿ ಸಭೆಯೂ ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳುತ್ತದೆ. ಹೀಗಾಗಿ ಅವರ ಸಭೆಗಳು ಸಾಮಾನ್ಯವಾಗಿ ಚಿಕ್ಕವು. ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ನಾನು ವಿಲಿಯಂ ಕೇರಿಯವರ ಜೀವನವನ್ನು ಓದತೊಡಗಿದ್ದಕ್ಕೆ ಆ ಕಡತವೇ ಕಾರಣ.

ಅವರ ಕುಲನಾಮ ಕನ್ನಡದ ಕಿವಿಗೆ ತೀರ ಪರಿಚಿತವಾದ ಪದ. ಊರ ಪಕ್ಕದ ಕೇರಿಯಂತೆಯೇ ಅವರ ಬದುಕೂ ಅಂಚಿನಲ್ಲಿ ಆರಂಭವಾಯಿತು. 1761ರ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್ ಪ್ರಾಂತದ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ನೇಕಾರ; ಮುಂದೆ ಹಳ್ಳಿಯ ಶಾಲಾ ಮಾಸ್ತರರಾದವರು. ಮಗ ಹದಿನಾಲ್ಕನೆಯ ವಯಸ್ಸಿಗೆ ಚಮ್ಮಾರಿಕೆ ಕಲಿಯಲು ಹೋದ. ಇಪ್ಪತ್ತು ತುಂಬುವ ಮೊದಲೇ ಡೊರೊತಿ ಪ್ಲಾಕೆಟ್ ಎಂಬಾಕೆಯೊಂದಿಗೆ ಮದುವೆ ನಡೆಯಿತು. ಅಕ್ಷರ ಬಾರದ ಆಕೆ ಮದುವೆಯ ದಾಖಲೆಯಲ್ಲಿ ಗುರುತು ಹಾಕಿದ್ದರು. ಗಂಡ ಚಪ್ಪಲಿ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು. 1783ರಲ್ಲಿ ನೆನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದು ಬ್ಯಾಪ್ಟಿಸ್ಟರಾದರು.

ಮೌಲ್ಟನ್ ಎಂಬ ಹಳ್ಳಿಯ ಪುಟ್ಟ ಸಭೆ ಅವರನ್ನು ಬೋಧಕರನ್ನಾಗಿ ಕರೆಯಿತು. ಸಭೆ ಕೊಡುತ್ತಿದ್ದ ಹಣ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಅವರು ಶಾಲೆಯೊಂದನ್ನು ನಡೆಸಿದರು, ಜೊತೆಗೆ ಚಪ್ಪಲಿಯನ್ನೂ ಹೊಲಿದರು. 1789ರಲ್ಲಿ ಲೆಸ್ಟರ್ ಪಟ್ಟಣದ ಸಭೆಗೆ ಹೋದಾಗ ಅಲ್ಲಿ ಒಳಜಗಳ ಮಿತಿಮೀರಿತ್ತು. ಕೇರಿ ಮಾಡಿದ ಕೆಲಸ ನನ್ನಂಥ ಆಡಳಿತಗಾರನನ್ನು ಬೆರಗುಗೊಳಿಸುತ್ತದೆ. ಅವರು ಇಡೀ ಸಭೆಯನ್ನೇ ವಿಸರ್ಜಿಸಿದರು. ಹೊಸ ಒಡಂಬಡಿಕೆಗೆ ಒಪ್ಪಿದವರು ಮಾತ್ರ ಮರಳಿ ಸೇರಬಹುದೆಂದರು. ಸದಸ್ಯರ ಪಟ್ಟಿ ದೊಡ್ಡದಾಗಿ ಕಾಣಬೇಕೆಂದು ಬಯಸುವ ಯಾರೂ ಇಂಥ ಸಾಹಸಕ್ಕೆ ಕೈಹಾಕುವುದಿಲ್ಲ.

ಹಾಗೆಂದು ಅವರು ಸಂಖ್ಯೆಯನ್ನು ಕಡೆಗಣಿಸಿದವರಲ್ಲ. 1792ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಅವರು ಜಗತ್ತಿನ ದೇಶಗಳನ್ನೆಲ್ಲ ಪಟ್ಟಿ ಮಾಡಿ, ಉದ್ದಗಲ, ಜನಸಂಖ್ಯೆ, ಧರ್ಮಗಳನ್ನು ಕೋಷ್ಟಕಗಳಲ್ಲಿ ಕೂಡಿಸಿದ್ದರು. ಜಗತ್ತಿನ ಒಟ್ಟು ಜನಸಂಖ್ಯೆ 73 ಕೋಟಿ 10 ಲಕ್ಷ ಎಂಬುದು ಅವರ ಅಂದಾಜು. ಬ್ರಿಟನ್ನಿನಲ್ಲಿ ಮೊದಲ ಜನಗಣತಿ ನಡೆದದ್ದೇ 1801ರಲ್ಲಿ ಎಂಬುದನ್ನು ನೆನೆದರೆ, ಹಳ್ಳಿಯ ಚಮ್ಮಾರನೊಬ್ಬನ ಈ ಲೆಕ್ಕಾಚಾರ ಸಣ್ಣದಲ್ಲ. ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್ ಪಟ್ಟಣದ ವಿಧವೆಯೊಬ್ಬರ ಮನೆಯ ಕೋಣೆಯಲ್ಲಿ ಕೂಡಿದ ಕೆಲವೇ ಮಂದಿ ಬ್ಯಾಪ್ಟಿಸ್ಟ್ ಮಿಷನರಿ ಸಂಘವನ್ನು ಕಟ್ಟಿದರು. ಅಂದು ವಾಗ್ದಾನವಾದ ಮೊತ್ತ 13 ಪೌಂಡು, 2 ಷಿಲಿಂಗ್, 6 ಪೆನ್ಸ್.

1793ರ ಜೂನ್‌ನಲ್ಲಿ ಕೇರಿ ಡೆನ್ಮಾರ್ಕಿನ ಹಡಗೊಂದನ್ನು ಏರಿದರು. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಅವರಿಗಿರಲಿಲ್ಲ. ಡೊರೊತಿ ಬರಲು ಒಪ್ಪಿರಲಿಲ್ಲ. ಕೊನೆಯ ಗಳಿಗೆಯಲ್ಲಿ, ತಂಗಿ ಜೊತೆಗೆ ಬರುವುದಾದರೆ ಮಾತ್ರ ಎಂದು ಮಣಿದು, ನಾಲ್ವರು ಗಂಡುಮಕ್ಕಳೊಂದಿಗೆ ಹೊರಟರು. ಕಡೆಯ ಮಗುವಿಗೆ ಇನ್ನೂ ಕೆಲವು ವಾರಗಳ ವಯಸ್ಸು. ನವೆಂಬರ್‌ನಲ್ಲಿ ಕಲ್ಕತ್ತಾ ತಲುಪಿದಾಗ ಜೊತೆಗಿದ್ದ ವೈದ್ಯ ಜಾನ್ ಥಾಮಸ್‌ಗೆ ಹಳೆಯ ಸಾಲಗಾರರು ಕಾದಿದ್ದರು. ತಂದ ಹಣ ಬೇಗನೆ ಕರಗಿತು. ಸುಂದರಬನದ ಅಂಚಿನಲ್ಲಿ ಕೆಲವು ತಿಂಗಳು ಕಷ್ಟಪಟ್ಟ ಮೇಲೆ, 1794ರ ಜೂನ್‌ನಲ್ಲಿ ಉತ್ತರ ಬಂಗಾಳದ ಮದನಾವತಿ ಎಂಬ ಹಳ್ಳಿಯ ನೀಲಿ ತಯಾರಿಕೆಯ ಕಾರ್ಖಾನೆಯಲ್ಲಿ ವ್ಯವಸ್ಥಾಪಕನ ಕೆಲಸ ಸಿಕ್ಕಿತು. ತಿಂಗಳ ಸಂಬಳ 200 ರೂಪಾಯಿ. ಇನ್ನು ನನಗೆ ಹಣ ಕಳುಹಿಸಬೇಡಿ ಎಂದು ಸಂಘಕ್ಕೆ ಬರೆದರು. ನೀಲಿ ಬೆಳೆಯ ಕ್ರೌರ್ಯ ಬಂಗಾಳದ ರೈತನನ್ನು ಮುಂದೆ ಹೇಗೆ ಹಿಂಡಿತೆಂಬುದನ್ನು ಓದಿದವರಿಗೆ ಈ ಉದ್ಯೋಗ ಮುಜುಗರ ತರುತ್ತದೆ. ಅವರ ಜೀವನ ಬರೆದವರಲ್ಲಿ ಹೆಚ್ಚಿನವರು ಈ ಮಾತನ್ನು ಬೇಗನೆ ದಾಟಿಬಿಡುತ್ತಾರೆ.

ಆ ಅಕ್ಟೋಬರ್‌ನಲ್ಲಿ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡ. ಮಗುವಿನ ಕುಣಿ ತೋಡಲು ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ಹೆಣ ಮುಟ್ಟಿದರೆ ಜಾತಿ ಕೆಡುತ್ತದೆ. ಬಹಳ ಬೇಡಿಕೊಂಡ ಮೇಲೆ ನಾಲ್ವರು ಮುಸಲ್ಮಾನರು ತೋಡಲು ಒಪ್ಪಿದರು. ಅದಕ್ಕಾಗಿ ಅವರಿಗೂ ಊರಿನ ಬಹಿಷ್ಕಾರ ತಟ್ಟಿತು. ಶವ ಹೊರುವುದಕ್ಕೂ ಅದೇ ಪಾಡು. ಕಾರ್ಖಾನೆಯ ದೊರೆ, ನೂರಾರು ಆಳುಗಳಿಗೆ ಕೂಲಿ ಕೊಡುವಾತ. ಆದರೂ ಸಾವಿನ ದಿನ ಹೆಗಲು ಕೊಡಲು ನೆರೆಹೊರೆಯವರೆಂಬವರು ಅವರಿಗೆ ಇರಲಿಲ್ಲ. ಈ ಸಾವಿನ ನಂತರ ಡೊರೊತಿಯವರ ಮನಸ್ಸು ಹದಗೆಟ್ಟಿತು. 1795ರಿಂದ 1807ರಲ್ಲಿ ಸಾಯುವವರೆಗೆ ಹನ್ನೆರಡು ವರ್ಷ ಅವರು ಚಿತ್ತಭ್ರಮೆಯಲ್ಲಿ, ಬಹುಕಾಲ ಕೋಣೆಯೊಳಗೆ ಕಳೆದರು. ಪಕ್ಕದ ಕೋಣೆಯಲ್ಲಿ ಗಂಡ ಅನುವಾದ ಮಾಡುತ್ತಿದ್ದರು. ಇದನ್ನು ತ್ಯಾಗವೆಂದು ಕೊಂಡಾಡಲು ನನಗೆ ಮನಸ್ಸಾಗದು. ತ್ಯಾಗಕ್ಕೆ ಒಪ್ಪಿಗೆ ಬೇಕು. ಆಕೆಯ ಒಪ್ಪಿಗೆಯನ್ನು ಒತ್ತಾಯದಿಂದ ಪಡೆದದ್ದಾಗಿತ್ತು.

ಈ ಮನೆಯಲ್ಲಿ, ಈ ಸ್ಥಿತಿಯಲ್ಲಿ, 1795ರಲ್ಲಿ ಒಂದು ಸಭೆ ಸ್ಥಾಪನೆಯಾಯಿತು. ಸದಸ್ಯರು ನಾಲ್ವರು: ಕೇರಿ, ಥಾಮಸ್, ಮತ್ತಿಬ್ಬರು ಯುರೋಪಿಯನ್ನರು. ಹಳ್ಳಿಯವರಲ್ಲಿ ಒಬ್ಬನೂ ಇಲ್ಲ. ಕೇರಿ ಬಂಗಾಳಿ ಕಲಿತು ಹಳ್ಳಿ ಹಳ್ಳಿ ತಿರುಗಿದರು, ಶಾಲೆ ತೆರೆದರು, ಬೈಬಲ್ ಅನುವಾದಿಸಿದರು. ಭಾಷೆ ಕಲಿಸಿದ ಮುನ್ಶಿ ರಾಮರಾಮ್ ಬಸು ಕ್ರಿಸ್ತನ ಮೇಲೆ ಹಾಡು ಕಟ್ಟಿದರೂ ಸಭೆಗೆ ಸೇರಲಿಲ್ಲ. ಕಲ್ಕತ್ತಾದಿಂದ ಮರದ ಮುದ್ರಣಯಂತ್ರವೊಂದು ಬಂದಾಗ, ಇದು ಸಾಹೇಬರ ದೇವರೆಂದು ಜನ ನೋಡಲು ಬಂದರಂತೆ. ನೆರೆಯಿಂದ ನೀಲಿ ಬೆಳೆ ನಾಶವಾಗಿ ಕಾರ್ಖಾನೆ ಮುಚ್ಚಿತು. ಭಾರತಕ್ಕೆ ಬಂದು ಏಳು ವರ್ಷ ತುಂಬುವ ಹೊತ್ತಿಗೂ ಸ್ಥಳೀಯರ ಲೆಕ್ಕ ಸೊನ್ನೆ. ಯಾವ ಇಲಾಖೆಯ ವಾರ್ಷಿಕ ಪರಿಶೀಲನೆಯಲ್ಲಾದರೂ ಈ ಯೋಜನೆಯನ್ನು ಮೂರನೆಯ ವರ್ಷಕ್ಕೇ ರದ್ದು ಮಾಡುತ್ತಿದ್ದರು. ಮೊದಲ ಸಹಿ ನನ್ನದೇ ಇರುತ್ತಿತ್ತು.

1800ರ ಜನವರಿಯಲ್ಲಿ ಕೇರಿ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಶ್ರೀರಾಮಪುರಕ್ಕೆ ಬಂದರು. ಜೋಶುವಾ ಮಾರ್ಷ್‌ಮನ್ ಮತ್ತು ಮುದ್ರಕ ವಿಲಿಯಂ ವಾರ್ಡ್ ಜೊತೆಯಾದರು. ನವೆಂಬರ್‌ನಲ್ಲಿ ಕೃಷ್ಣ ಪಾಲ್ ಎಂಬ ಬಡಗಿ ಬಿದ್ದು ತೋಳು ಉಳುಕಿಸಿಕೊಂಡ. ಥಾಮಸ್ ಅದನ್ನು ಸರಿಪಡಿಸಿದರು. ಡಿಸೆಂಬರ್‌ನಲ್ಲಿ ಆತ ಮಿಷನರಿಗಳೊಂದಿಗೆ ಕುಳಿತು ಉಂಡ. ಊರಿನಲ್ಲಿ ಗಲಭೆ ಎದ್ದಿತು. ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೇರಿ ತಮ್ಮ ಹಿರಿಯ ಮಗ ಫೆಲಿಕ್ಸ್ ಮತ್ತು ಕೃಷ್ಣ ಪಾಲ್ ಇಬ್ಬರಿಗೂ ದೀಕ್ಷಾಸ್ನಾನ ಕೊಟ್ಟರು. ವರ್ಷಗಳಿಂದ ಕಾದಿದ್ದ ಥಾಮಸ್ ಆ ಹೊತ್ತಿಗೆ ಹರ್ಷೋನ್ಮಾದದಲ್ಲಿ ಬುದ್ಧಿ ಕಳೆದುಕೊಂಡಿದ್ದರು. ಅತ್ತ ಡೊರೊತಿ ಇನ್ನೊಂದು ಕೋಣೆಯಲ್ಲಿ ಬಂಧಿತರು. ನದಿಯ ದಡದ ಪ್ರಾರ್ಥನೆಯೊಂದಿಗೆ ಈ ಇಬ್ಬರ ಕೂಗೂ ಅಂದು ಕೇಳಿರಬೇಕು.

ಆಮೇಲೆ ಸಭೆ ಮೆಲ್ಲನೆ ಬೆಳೆಯಿತು. ಒಬ್ಬೊಬ್ಬರಾಗಿ, ಮನೆ ಮನೆಯಾಗಿ. ಮತಾಂತರ ಹೊಂದಿದವರು ಹೆಸರು ಬದಲಿಸಬೇಕಾಗಿರಲಿಲ್ಲ. ಕೃಷ್ಣ ಪಾಲ್ 1822ರಲ್ಲಿ ತೀರಿಕೊಳ್ಳುವವರೆಗೂ ಕೃಷ್ಣನೇ ಆಗಿದ್ದ. 1803ರಲ್ಲಿ ಆತನ ಮಗಳನ್ನು ಬ್ರಾಹ್ಮಣ ಕುಲದಿಂದ ಬಂದ ಕೃಷ್ಣಪ್ರಸಾದ್ ಮದುವೆಯಾದ. ಅದೇ ವರ್ಷ ಗೋಕುಲ್ ಎಂಬ ಸದಸ್ಯ ಸತ್ತ. ಅಲ್ಲಿಯವರೆಗೆ ಶವ ಹೊರಲು ಕೂಲಿಯ ಪೋರ್ಚುಗೀಸರನ್ನು ಕರೆಸುತ್ತಿದ್ದರು. ಈ ಸಲ ಆ ಪದ್ಧತಿಯನ್ನು ಕೈಬಿಟ್ಟರು. ಮಾರ್ಷ್‌ಮನ್, ಫೆಲಿಕ್ಸ್, ಬ್ರಾಹ್ಮಣನಾಗಿದ್ದ ಭೈರವ, ಮುಸಲ್ಮಾನನಾಗಿದ್ದ ಪೀರು ಈ ನಾಲ್ವರು ಹೆಗಲು ಕೊಟ್ಟು ಬೀದಿಯಲ್ಲಿ ನಡೆದರು. ಊರಿನವರು ನಿಂತು ನೋಡಿದರು. ಪೀಟರ್‌ನ ಸಾವಿಗೂ ಈ ದಿನಕ್ಕೂ ನಡುವೆ ಒಂಬತ್ತು ವರ್ಷ. ಕೇರಿಯವರ ಬದುಕಿನಲ್ಲಿ ನಾನು ಮತ್ತೆ ಮತ್ತೆ ಓದುವ ಪುಟಗಳು ಈ ಎರಡು ಶವಸಂಸ್ಕಾರಗಳವು. 1805ರಲ್ಲಿ ಮಿಷನರಿಗಳು ಬರೆದುಕೊಂಡ ಒಡಂಬಡಿಕೆಯಲ್ಲಿ, ಇಲ್ಲಿಯ ಸಭೆಗಳಿಗೆ ಇಲ್ಲಿಯವರೇ ಬೋಧಕರೂ ಹಿರಿಯರೂ ಆಗಬೇಕೆಂಬ ಮಾತಿದೆ.

ಉಳಿದ ಸಾಧನೆಗಳು ಶಾಲಾ ಪುಸ್ತಕಗಳಲ್ಲಿಯೂ ಸಿಗುತ್ತವೆ: ಫೋರ್ಟ್ ವಿಲಿಯಂ ಕಾಲೇಜಿನ ಅಧ್ಯಾಪಕತ್ವ, 1818ರ ಶ್ರೀರಾಮಪುರ ಕಾಲೇಜು, 1820ರ ಕೃಷಿ ಮತ್ತು ತೋಟಗಾರಿಕೆ ಸಂಘ, ಸತೀ ಪದ್ಧತಿಯ ವಿರುದ್ಧದ ಹೋರಾಟ. ಬೆಳಗಾವಿಯವರು ಗಮನಿಸಬೇಕಾದದ್ದು ಇನ್ನೊಂದು. ನಾವು ಗಡಿಯ ಹೆಸರಿನಲ್ಲಿ ಎದುರುಬದುರು ನಿಲ್ಲಿಸಿರುವ ಎರಡು ಭಾಷೆಗಳೂ ಅವರ ಒಂದೇ ಮೇಜಿನ ಮೇಲೆ ಇದ್ದವು. ಅವರ ಮರಾಠಿ ವ್ಯಾಕರಣ 1805ರಲ್ಲಿ, ವೈಜನಾಥ ಶರ್ಮರ ನೆರವಿನ ಮರಾಠಿ ನಿಘಂಟು 1810ರಲ್ಲಿ ಹೊರಬಂದವು. 1812ರ ಮಾರ್ಚ್ 11ರ ರಾತ್ರಿ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಇತ್ತು. ಅದನ್ನು ಮತ್ತೆ ಮೊದಲಿನಿಂದ ಆರಂಭಿಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಬೆಳಗಾವಿಯ ಕೋಟೆಯಲ್ಲಿ ಆಗ ಇನ್ನೂ ಪೇಶ್ವೆಯ ಧ್ವಜವಿತ್ತು. ಕನ್ನಡ ನಾಡನ್ನು ಕಾಣದೆ ಬಂಗಾಳದಲ್ಲಿ ಕುಳಿತು ಮಾಡಿದ ಕೆಲಸವಾದ್ದರಿಂದ ಅವರ ಕನ್ನಡಕ್ಕೆ ಆಡುಮಾತಿನ ಕಸುವು ಬರಲಿಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಅನುವಾದವೇ ಮುಂದೆ ಬಳಕೆಯಲ್ಲಿ ನಿಂತಿತು.

ಕಾಲೇಜಿನ ಸಂಬಳ ತಿಂಗಳಿಗೆ ಸಾವಿರ ರೂಪಾಯಿಗೆ ಏರಿದರೂ ಅದೆಲ್ಲ ಸಮುದಾಯದ ಬೊಕ್ಕಸಕ್ಕೆ ಹೋಗುತ್ತಿತ್ತು. ಇಷ್ಟಾದರೂ ಆಸ್ತಿಯ ಹಕ್ಕು ಯಾರದೆಂಬ ಜಗಳ ಇಂಗ್ಲೆಂಡಿನ ಸಂಘದೊಂದಿಗೆ ಬೆಳೆದು, 1827ರಲ್ಲಿ ಶ್ರೀರಾಮಪುರದವರು ಸಂಘದಿಂದ ಬೇರೆಯಾದರು. ಅರವತ್ತೈದು ದಾಟಿದ ಕೇರಿಯವರಿಗೆ ಅದು ದೊಡ್ಡ ಪೆಟ್ಟು. 1834ರ ಜೂನ್ 9ರಂದು ಅವರು ತೀರಿಕೊಂಡರು. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಸ್ವದೇಶಕ್ಕೆ ಮರಳಿರಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ಒಂದು ಮಳೆಗಾಲದಲ್ಲಿ, ಮಲಪ್ರಭೆ ಕೆಂಪಾಗಿ ಹರಿಯುತ್ತಿದ್ದಾಗ, ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋದೆ. ಆ ಹಳ್ಳಿಯ ಹೆಂಚಿನ ಮನೆ ಹಾಗೆಯೇ ಇತ್ತು. ನಾನು ಯಾರೆಂದು ಹೇಳಿದೆ. ಟಿಪ್ಪಣಿಯ ವಿಷಯವನ್ನೂ ಹೇಳಿದೆ. ಮನೆಯ ಹಿರಿಯರು ಮೊದಲು ಚಹಾ ಕೊಟ್ಟರು. ನಂತರ ಕೊಡೆ ಹಿಡಿದು ತಮ್ಮ ಹೊಲದ ಬದುವಿನವರೆಗೆ ಕರೆದೊಯ್ದರು. ಜಾಗ ಸಿಗಲಿಲ್ಲವಾಗಿ ಭತ್ತದ ಗದ್ದೆಯ ಮೂಲೆಯೊಂದನ್ನು ಅವರೇ ಬಿಟ್ಟುಕೊಟ್ಟಿದ್ದರು. ಮತ್ತಿಮರದ ಕೆಳಗೆ ಆರು ಗುಡ್ಡೆಗಳಿದ್ದವು. ಒಂದು ತೀರ ಚಿಕ್ಕದು. ಮೇಲೆ ಜಂಬುಕಲ್ಲು ಪೇರಿಸಿದ್ದರು. ಹೊತ್ತು ತಂದವರು ಯಾರೆಂದು ಕೇಳಿದೆ. ಊರಿನವರೂ ಬಂದಿದ್ದರು ಎಂದು ಅವರು ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದರು.